ಮಂಚಿಯ ಮೊರ

ಪಾಂಡವಪುರ
18 ಜುಲೈ 1997

ಸೋಮಮ್ಮ ಮೇಡಂ ಅವರಿಗೆ, ನಂಜಪ್ಪ ಮಾಡುವ ನಮಸ್ಕಾರ.

ನಿಮ್ಮ ವಿಳಾಸ ಸಿಕ್ಕಿದ್ದು ನಾಗಮಂಗಲದ ಬಸ್ಸಿನ ಕಂಡಕ್ಟರ್ ಒಬ್ಬರಿಂದ. ‘ಬಿಂಡಿಗನವಿಲೆ ಲೈಬ್ರರಿಲಿ ಕೂತಿರೋರು ಅವರೇ ಇರ್ಬೇಕು ಕಣಣ್ಣ. ಆದ್ರೆ ಆಯಮ್ಮ ಮಾತೇ ಆಡಾಕಿಲ್ಲ’ ಅಂದರು. ಮಾತೇ ಆಡದವರು ಅಂದಮೇಲೆ ನೀವಾಗಿರಲಾರಿರಿ ಎಂದು ಮೊದಲು ಬಿಟ್ಟುಬಿಟ್ಟಿದ್ದೆ. ಮೈಕಿನ ಮುಂದೆ ಬಿಟ್ಟರೆ ಬೇರೆಲ್ಲೂ ನೀವು ಹೆಚ್ಚು ಮಾತಾಡುತ್ತಿದ್ದವರಲ್ಲ ಎಂಬುದು ಆಮೇಲೆ ನೆನಪಾಯಿತು.

ವಿಷಯಕ್ಕೆ ಬರುತ್ತೇನೆ. ನಮ್ಮ ರೇಡಿಯೋ ಕೇಂದ್ರ ಬದಲಾಗುತ್ತಿದೆ. ರಾಜ್ಯೋತ್ಸವದ ದಿನದಿಂದ ಸಂಜೆ ಹೊತ್ತು ಚಿತ್ರಗೀತೆ, ಫೋನ್ ಮಾಡಿ ಹಾಡು ಕೇಳುವವರ ಜೊತೆ ಹರಟೆ. ಉಳಿದ ಹೊತ್ತು ಬೆಂಗಳೂರಿನಿಂದ ಬಂದದ್ದನ್ನು ಹಾಗೇ ದಾಟಿಸುವುದು. ರೈತರಿಗೆಂದಿರುವ ನಮ್ಮ ‘ಬೇಲಿ ಮಾತು’ ಇರುವುದಿಲ್ಲ. ಸ್ವಲ್ಪ ದಿನಕ್ಕೆ ಮೀಡಿಯಂ ವೇವ್ ಅನ್ನೇ ನಿಲ್ಲಿಸಿ ಎಫ್.ಎಂ.ಗೆ ಹೋಗುತ್ತಾರೆ ಎಂಬ ಸುದ್ದಿಯೂ ಇದೆ. ಹೊಸ ಸಾಹೇಬರು ಕೆಟ್ಟವರಲ್ಲ. ನನ್ನನ್ನು ಕೂರಿಸಿ, ಕಾಫಿ ತರಿಸಿ, ‘ನಂಜಪ್ಪ, ಈಗಿನ ಹುಡುಗರು ಗೊಬ್ಬರದ ವಿಚಾರ ರೇಡಿಯೋದಲ್ಲಿ ಕೇಳ್ತಾರಾ? ನೀವೇ ಹೇಳಿ’ ಎಂದರು. ನಾನು ನನ್ನ ಮಗನನ್ನು ನೆನೆಸಿಕೊಂಡು ‘ಇಲ್ಲ ಸಾರ್’ ಅಂದೆ.

ಕೊನೆಯ ‘ಬೇಲಿ ಮಾತು’ ಅಕ್ಟೋಬರ್ 31, ಶುಕ್ರವಾರ ಸಂಜೆ. ಅವತ್ತು ನೀವು ಬರಬೇಕು. ಇದನ್ನು ಕೇಳಲೆಂದೇ ಬರೆಯುತ್ತಿದ್ದೇನೆ.

ನೀವು ಬಿಟ್ಟುಹೋಗಿ ಮೂರು ವರ್ಷವಾಯಿತು. ‘ಸ್ವಂತ ಕಾರಣ’ ಎಂದು ಒಂದು ಸಾಲು ಬರೆದುಕೊಟ್ಟಿರಿ. ನಾನು ಕಾರಣ ಕೇಳಲಿಲ್ಲ. ಅಷ್ಟು ವರ್ಷ ನೀವು ಮಂಚಿಯಾಗಿ, ನಾನು ನಿಮ್ಮ ಅಣ್ಣ ಮುದ್ದಯ್ಯನಾಗಿ, ಹಿತ್ತಿಲ ಬೇಲಿಯ ಆಚೆ ಈಚೆ ನಿಂತು ‘ಲೇ ಮಂಚಿ’, ‘ಓಗಣ್ಣಯ್ಯ ಓಗು’ ಎಂದು ಕಿತ್ತಾಡಿದೆವು. ಕೆಂಪು ದೀಪ ಆರಿದ ಕೂಡಲೇ ‘ಬರ್ತೀನಿ ಮೇಡಂ’, ‘ಆಗಲಿ ನಂಜಪ್ಪನವರೇ’. ಕಾರಣ ಕೇಳುವ ಸಲಿಗೆ ಮುದ್ದಯ್ಯನಿಗಿತ್ತು, ನನಗಿರಲಿಲ್ಲ.

ಕೇಳುವ ಜನಕ್ಕೆ ಏನಾದರೂ ಹೇಳಬೇಕಲ್ಲ. ‘ನಮ್ ಮಂಚಿ ಗಂಡನ ಜೊತೆ ನಾಗಮಂಗಲದ ಕಡೆ ಓಗವ್ಳೆ ಕಣ್ರಪ್ಪ, ಅಬ್ಬಕ್ಕೆ ಉಣ್ಣಿಮೆಗೆ ಬತ್ತಾಳೆ’ ಎಂದೆ. ಅವತ್ತಿನಿಂದ ಒಬ್ಬನೇ ಕೂತು, ಬೇಲಿಯ ಆಚೆ ನೀವಿದ್ದೀರಿ ಎಂಬಂತೆ ಮಾತಾಡುತ್ತಿದ್ದೇನೆ. ‘ಏನಂದೆ ಮಂಚಿ?’ ಎಂದು ಕೇಳಿ, ಒಂದು ಗಳಿಗೆ ಸುಮ್ಮನಿದ್ದು, ನೀವು ಏನೋ ಅಂದ ಹಾಗೆ ನಾನೇ ಜಗಳ ಮುಂದುವರಿಸುತ್ತೇನೆ. ಜನ ಒಪ್ಪಿಕೊಂಡಿದ್ದಾರೆ. ಮುಗಿಸುವ ದಿನವೂ ಹೀಗೆ ಗಾಳಿಯ ಜೊತೆ ಮಾತಾಡಿ ಎದ್ದುಬರಲು ನನಗೆ ಮನಸ್ಸಿಲ್ಲ.

ಉತ್ತರ ಬರೆಯಿರಿ.

ಇಂತಿ,
ನಂಜಪ್ಪ


ಬಿಂಡಿಗನವಿಲೆ
2 ಆಗಸ್ಟ್ 1997

ಶ್ರೀ ನಂಜಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನೆನಪಿಟ್ಟುಕೊಂಡು ಬರೆದಿರಿ, ಸಂತೋಷ. ನನಗೆ ಬರಲು ಆಗುವುದಿಲ್ಲ. ಇದಕ್ಕೆ ನೀವು ಕಾರಣರಲ್ಲ, ಕೇಂದ್ರದವರೂ ಅಲ್ಲ. ದಯವಿಟ್ಟು ಒತ್ತಾಯ ಮಾಡಬಾರದು.

ಕಾರ್ಯಕ್ರಮ ನಿಂತರೆ ನಾಲೆಗೆ ನೀರು ಬಿಡುವ ದಿನವನ್ನು ಯಾರು ಹೇಳುತ್ತಾರೆ? ಪತ್ರಿಕೆಯಲ್ಲಿ ಬರುತ್ತದೆ ಎನ್ನಬಹುದು. ನಮ್ಮ ಲೈಬ್ರರಿಗೆ ಪತ್ರಿಕೆ ಬರುವುದು ಮಧ್ಯಾಹ್ನದ ಬಸ್ಸಿಗೆ. ಬಾರದ ದಿನಗಳೂ ಉಂಟು.

ಇನ್ನೊಂದು ಮಾತು. ಕಳೆದ ಮಂಗಳವಾರ ನೀವು, ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬೇಡ, ಬರೀ ರಾಗಿ ಬಿತ್ತಿದರೆ ಸಾಕು ಎಂದು ಮಂಚಿಯ ಬಾಯಲ್ಲಿ ಹೇಳಿಸಿದಿರಿ. ಮಂಚಿ ಹಾಗೆ ಹೇಳುವವಳಲ್ಲ. ನಡುವೆ ಅವರೆ, ಹುಚ್ಚೆಳ್ಳಿನ ಸಾಲು ಹಾಕದೆ ರಾಗಿ ಬಿತ್ತುವುದನ್ನು ಅವಳು ಎಂದೂ ಒಪ್ಪಳು.

ವಂದನೆಗಳೊಂದಿಗೆ,
ಸೋಮಮ್ಮ


ಪಾಂಡವಪುರ
16 ಆಗಸ್ಟ್ 1997

ಸೋಮಮ್ಮ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕಾಗದದಲ್ಲಿ ಬರುವುದಿಲ್ಲ ಎಂಬುದೂ ಇತ್ತು, ಅಕ್ಕಡಿ ಸಾಲೂ ಇತ್ತು. ನಾನು ಅಕ್ಕಡಿ ಸಾಲನ್ನೇ ಮತ್ತೆ ಮತ್ತೆ ಓದಿದೆ. ಆ ದಿನವೇ, ‘ಮಂಚಿ ಉಗುದು ಯೋಳ್ಕಳ್ಸವ್ಳೆ, ಅಕ್ಕಡಿ ಸಾಲು ಬುಡಬ್ಯಾಡಿ ಕಣ್ರಪ್ಪ, ಅವತ್ತು ಅಂಗಂದಿದ್ದು ನಾನು, ಅವಳಲ್ಲ’ ಎಂದು ತಿದ್ದಿಕೊಂಡೆ. ನೀವು ಕೇಳಿರಬೇಕು. ಕೇಳುತ್ತಿದ್ದೀರಿ ಎಂದು ಗೊತ್ತಾದ ಮೇಲೆ ಬೇಲಿಯ ಆಚೆ ಸುಮ್ಮನೆ ಖಾಲಿ ಇಲ್ಲ ಎನಿಸುತ್ತದೆ.

ನೀವು ಹೋದ ಹೊಸದರಲ್ಲಿ ಅರ್ಪಿತ ಎಂಬ ಹುಡುಗಿಯನ್ನು ಮಂಚಿ ಮಾಡಿದ್ದರು. ಒಂದು ವಾರಕ್ಕೇ ನಿಂತದ್ದು ಯಾಕೆಂದು ನಿಮಗೆ ತಿಳಿದಿರಲಾರದು. ಒಳ್ಳೆಯ ದನಿ, ಓದಿದ ಹುಡುಗಿ. ಮಂಚಿ ಮಾತಾಡುವಾಗ ಮೊರದ ಸದ್ದು ಬೇಕೇ ಬೇಕಲ್ಲ, ಶ್ರೀರಂಗಪಟ್ಟಣದ ಸಂತೆಯಿಂದ ಒಂದು ಮೊರ ತರಿಸಿ, ಕ್ಯಾಂಟೀನಿನ ಅಕ್ಕಿ ಹಾಕಿ ಕೈಗೆ ಕೊಟ್ಟರು. ಶನಿವಾರ ಅಕ್ಕಿಹೆಬ್ಬಾಳಿನ ದ್ಯಾವಯ್ಯ ಎಂಬ ಮುದುಕ ರೈಲು ಹತ್ತಿಕೊಂಡು ಬಂದೇಬಿಟ್ಟ. ಗೇಟಿನ ಹತ್ತಿರ ನಿಂತು ಕೂಗಾಟ. ‘ಯಾರ್ಲಾ ಅದು ಮೊರ ಇಡ್ಕಂಡಿರೋದು? ನಮ್ ಮಂಚಿ ಕೇರೋದು ರಾಗಿಯ. ಮೂರು ಕೇರು, ಒಂದು ತಟ್ಟು. ಇವ್ಳು ಅಕ್ಕಿ ಚೆಲ್ತಾವ್ಳೆ ಕಣ್ಲಾ! ಮಂಚಿಗೇನ್ ಮಾಡುದ್ರಿ, ನಿಜ ಯೋಳಿ!’ ಕೊಲೆಯಾಗಿದೆಯೇನೋ ಎಂಬ ಹಾಗೆ ಕೇಳಿದ. ಅರ್ಪಿತ ನಗುತ್ತಲೇ ಒಳಗೆ ಹೋಗಿ, ‘ಸಾರ್, ನನಗೆ ಹಾಡು ಹಾಕೋ ಕೆಲಸ ಕೊಡಿ, ಇವರ ತಂಗಿ ಆಗೋಕೆ ನನ್ನ ಕೈಲಾಗಲ್ಲ’ ಎಂದಳು. ಆಮೇಲೆಯೇ ನಾನು ಮಂಚಿಯನ್ನು ನಾಗಮಂಗಲದ ಕಡೆ ಕಳಿಸಿದ್ದು. ಬರುವ ನವೆಂಬರಿನಿಂದ ಸಂಜೆ ಹೊತ್ತು ಅವಳದೇ. ಚೆನ್ನಾಗಿ ಮಾಡುತ್ತಾಳೆ.

ಇನ್ನು ಗೌರಿ ಹಬ್ಬ ಬಂತು. ಪ್ರತಿ ವರ್ಷ ಮುದ್ದಯ್ಯ ತಂಗಿಗೆ ಬಾಗಿನ ಕೊಡುವ ಮಾತು ‘ಬೇಲಿ ಮಾತಿ’ನಲ್ಲಿ ಬರಲೇಬೇಕು. ನೀವಿಲ್ಲದ ಮೇಲೂ ಬಿಟ್ಟಿಲ್ಲ. ‘ನಾಳಿಕ್ಕೆ ನಾಗಮಂಗಲದ ಬಸ್ಸತ್ತುತೀನಿ’ ಎಂದು ಹೇಳುತ್ತೇನೆ. ಅದನ್ನು ಕೇಳಿದ ಹೆಂಗಸರು ಕೆ.ಆರ್. ಪೇಟೆ ಕಡೆಯಿಂದಲೂ ಬಂದು ಗೇಟಿನಲ್ಲಿ ಬಳೆ, ರವಿಕೆ ಕಣ, ಅರಿಶಿನ ಕುಂಕುಮ ಇಟ್ಟುಹೋಗುತ್ತಾರೆ. ‘ಎಂಗೂ ಒಂಟಿದ್ದೀಯ, ನಮ್ ಪಾಲಿಂದೂ ಮಂಚಿಗೆ ಕೊಟ್ಬುಡಪ್ಪ.’ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಮೂರು ಹಬ್ಬದ್ದೂ ಸ್ಟುಡಿಯೋದ ಬೀರುವಿನಲ್ಲಿದೆ. ಬೀರು ಖಾಲಿ ಮಾಡಿ ಎಂದಿದ್ದಾರೆ. ಅದು ನನ್ನದಲ್ಲ, ಕೇಂದ್ರದ್ದೂ ಅಲ್ಲ. ಈ ಹಬ್ಬಕ್ಕೆ ತಂದುಕೊಡುತ್ತೇನೆ.

ಇಂತಿ,
ನಂಜಪ್ಪ


ಬಿಂಡಿಗನವಿಲೆ
25 ಆಗಸ್ಟ್ 1997

ಶ್ರೀ ನಂಜಪ್ಪನವರಿಗೆ,

ದಯವಿಟ್ಟು ಬರಬೇಡಿ. ಬಳೆ, ಕಣಗಳನ್ನು ಅಲ್ಲಿಯೇ ಹೆಣ್ಣುಮಕ್ಕಳಿಗೆ ಹಂಚಿಬಿಡಿ.

ಅಕ್ಕಡಿ ಸಾಲಿನ ಮಾತು ಕೇಳಿದೆ.

ಸೋಮಮ್ಮ


ಪಾಂಡವಪುರ
10 ಸೆಪ್ಟೆಂಬರ್ 1997

ಸೋಮಮ್ಮ ಮೇಡಂ ಅವರಿಗೆ ನಮಸ್ಕಾರ.

ನೀವು ಬೇಡವೆಂದರೂ ಬಂದೆ. ಬಂದವನು ಹಬ್ಬದ ಮನೆಯಲ್ಲಿ ಊಟ ಮಾಡದೆ ಎದ್ದುಹೋದೆ. ಎರಡನ್ನೂ ಕ್ಷಮಿಸಬೇಕು.

ನೀವು ಅರಿಶಿನ ಕುಂಕುಮಕ್ಕೆಂದು ಪಕ್ಕದ ಬೀದಿಗೆ ಹೋಗಿದ್ದಿರಂತೆ. ನಿಮ್ಮ ಅತ್ತೆ ಚಿಕ್ಕಬೋರಮ್ಮನವರು ಬಾಗಿಲಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀನಾ ಮುದ್ದಯ್ಯ? ರೇಡಿಯೋದಲ್ಲಿ ಇನ್ನೂ ದಪ್ಪಗಿದ್ದೆ ಕಣಪ್ಪ’ ಎಂದರು. ನಾನು ನಗುತ್ತಾ ಜಗಲಿಯ ಮೇಲೆ ಕೂತೆ. ಆಮೇಲೆ ಅವರು ಹೇಳಿದ ಮಾತಿಗೆ ನಗು ನಿಂತುಹೋಯಿತು.

‘ಗಂಟಲಾಪ್ರೇಸನ್ ಆದ ಮ್ಯಾಕೆ ನಮ್ ಸೊಸೆ ದನಿ ಒಂಟೋಯ್ತು. ಪಿಸಿಪಿಸಿ ಅಂತಾಳೆ, ಅಷ್ಟೆಯ. ನಿಂಗೆ ಗೊತ್ತಿಲ್ವಾ? ಸಂಜೆ ಆದ್ರೆ ರೇಡಿಯೋ ಮುಂದೆ ಮೊರ ಇಡ್ಕಂಡು ಕೂತ್ಕತಾಳೆ. ಕೇರಿದ್ದ ರಾಗಿಯನ್ನೇ ಕೇರ್ತಾಳೆ. ನೀನು ಅಲ್ಲಿ “ಏನಂದೆ ಮಂಚಿ” ಅಂದ್ರೆ ಇಲ್ಲಿ ಒಂದು ತಟ್ಟು ತಟ್ತಾಳೆ. ನಾನು ನಗಾಡಿದ್ರೆ ಸಿಟ್ಟು ಮಾಡ್ಕತಾಳೆ.’

ಅಷ್ಟರಲ್ಲಿ ನೀವು ಬಂದಿರಿ. ‘ಯಾವಾಗ ಬಂದ್ರಿ?’ ಎಂದಿರಿ. ನಿಮ್ಮ ತುಟಿ ನೋಡಿ ನಾನು ಅದನ್ನು ತಿಳಿದುಕೊಂಡೆ. ಬಳೆ ಕಣದ ಗಂಟು, ಮೊರದ ಬಾಗಿನ ಎರಡನ್ನೂ ಗೌರಮ್ಮನ ಮುಂದಿಟ್ಟು, ಬಸ್ಸು ತಪ್ಪುತ್ತದೆ ಎಂದು ಸುಳ್ಳು ಹೇಳಿ ಎದ್ದೆ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು, ಇಷ್ಟು ದಿನ ನಾನು ಮಂಚಿಯ ಬಾಯಲ್ಲಿ ಹೇಳಿಸಿದ ಮಾತನ್ನೆಲ್ಲ ನೆನೆಸಿಕೊಂಡೆ.

ಇನ್ನು ನಿಮ್ಮನ್ನು ಕರೆಯುವುದಿಲ್ಲ. ಒತ್ತಾಯ ಮಾಡಿದ್ದು ಗೊತ್ತಿಲ್ಲದೆ.

ಇಂತಿ,
ನಂಜಪ್ಪ


ಬಿಂಡಿಗನವಿಲೆ
22 ಸೆಪ್ಟೆಂಬರ್ 1997

ನಂಜಪ್ಪನವರಿಗೆ ನಮಸ್ಕಾರಗಳು.

ನೀವು ಎದ್ದುಹೋದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಅತ್ತೆಗೆ ಆಯಿತು. ಒಬ್ಬಟ್ಟು ತಿನ್ನದೆ ಹೋದವನು ಎಂಥ ಅಣ್ಣ ಎಂದು ಮೂರು ದಿನ ಗೊಣಗಿದರು.

ನೀವು ಕೇಳದಿದ್ದರೂ ಹೇಳಬೇಕಾದದ್ದನ್ನು ಹೇಳುತ್ತೇನೆ. ಕುತ್ತಿಗೆಯಲ್ಲಿ ಗಂಟು ಬಂದಿತ್ತು. ತೆಗೆದರು. ಗಂಟು ಕೆಟ್ಟದ್ದಲ್ಲ, ಈಗ ಆರೋಗ್ಯವಾಗಿದ್ದೇನೆ. ದನಿ ಕೆಲವು ತಿಂಗಳಲ್ಲಿ ಮರಳಬಹುದು ಎಂದಿದ್ದರು. ಮರಳುತ್ತದೆ ಎಂದು ಕಾದೆ, ಆದ್ದರಿಂದ ಯಾರಿಗೂ ಹೇಳಲಿಲ್ಲ. ಮರಳುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ನೀವು ಮಂಚಿಯನ್ನು ನಾಗಮಂಗಲದ ಕಡೆ ಕಳಿಸಿಯಾಗಿತ್ತು. ನಾವೂ ನಮ್ಮ ಮನೆಯವರ ಊರಾದ ಇಲ್ಲಿಗೇ ಬಂದೆವು. ನೀವು ಅಂದಾಜಿಗೆ ಹೇಳಿದ್ದು ನಿಜವಾದದ್ದಕ್ಕೆ ನಗು ಬಂತು.

ಹೇಳದೆ ಇದ್ದದ್ದಕ್ಕೆ ಇನ್ನೂ ಒಂದು ಕಾರಣವಿದೆ. ರೇಡಿಯೋದಲ್ಲಿ ಮಂಚಿ ಚೆನ್ನಾಗಿದ್ದಳು. ಬೇಲಿಯಾಚೆ ನಿಂತು ಜೋರಾಗಿಯೇ ಬಯ್ಯುತ್ತಿದ್ದಳು. ನಾನು ತಿಳಿಸಿದ್ದರೆ ನೀವು ಅವಳ ದನಿಯನ್ನೂ ತಗ್ಗಿಸುತ್ತಿದ್ದಿರಿ. ನಿಮಗೆ ಸುಳ್ಳು ಬರುವುದಿಲ್ಲ. ಬಸ್ಸು ತಪ್ಪುತ್ತದೆ ಎಂದಾಗಲೂ ಬರಲಿಲ್ಲ.

ಲೈಬ್ರರಿಯ ಕೆಲಸ ನನಗೆ ಹೊಂದಿದೆ. ಅಲ್ಲಿ ಮಾತಾಡಬಾರದೆಂದು ಬೋರ್ಡೇ ಇದೆ. ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಕಾದಂಬರಿಗಳು ಎರಡು ಕಪಾಟಿನಷ್ಟಿವೆ, ನನ್ನನ್ನು ಬಿಟ್ಟು ಯಾರೂ ಮುಟ್ಟುವುದಿಲ್ಲ. ಅವನ್ನು ಓದುವಾಗ, ಕಥೆಯೊಳಗಿನ ಈ ಮುದುಕಿ ತನ್ನ ಭಾಷೆಯಲ್ಲಿ ಇದೇ ಮಾತನ್ನು ಯಾವ ದನಿಯಲ್ಲಿ ಆಡಿರಬಹುದು ಎಂದು ಯೋಚಿಸುತ್ತೇನೆ. ಆ ದನಿ ನಮಗೆ ಕೇಳಿಸುವುದಿಲ್ಲ. ಆದರೂ ಮುದುಕಿ ಗುರುತಾಗುತ್ತಾಳೆ. ಮಂಚಿ ಈಗ ಹಾಗಿದ್ದಾಳೆ, ನಿಮ್ಮ ಅನುವಾದದಲ್ಲಿ. ಅಕ್ಕಡಿ ಸಾಲಿನಂಥ ತಪ್ಪು ಎಲ್ಲೋ ಒಂದೆರಡು.

ಮೊರದ ವಿಷಯ ಅತ್ತೆ ಹೇಳಬಾರದಿತ್ತು.

ಕೇಂದ್ರ ಎಫ್.ಎಂ. ಆದರೆ ಇಲ್ಲಿಗೆ ಕೇಳಿಸುತ್ತದೆಯೇ? ಇಂಜಿನಿಯರ್ ಲೋಕೇಶ್ ಅವರನ್ನು ಕೇಳಿ ತಿಳಿಸಿ.

ವಂದನೆಗಳೊಂದಿಗೆ,
ಸೋಮಮ್ಮ


ಪಾಂಡವಪುರ
8 ಅಕ್ಟೋಬರ್ 1997

ಸೋಮಮ್ಮ ಮೇಡಂ ಅವರಿಗೆ ನಮಸ್ಕಾರ.

ಲೋಕೇಶ್‌ನನ್ನು ಕೇಳಿದೆ. ಕಬ್ಬಿನ ಗದ್ದೆಯ ನಡುವಿನ ಪ್ರಸಾರದ ಗೋಪುರದ ಕೆಳಗೆ ನಿಂತು ಹೇಳಿದ. ‘ಮೀಡಿಯಂ ವೇವ್ ನೆಲ ಹಿಡ್ಕೊಂಡು ಹೋಗ್ತದೆ ನಂಜಪ್ಪಣ್ಣ. ಎಫ್.ಎಂ. ಕಣ್ಣಿಗೆ ಕಂಡಷ್ಟು ದೂರ. ಮಧ್ಯೆ ಮೇಲುಕೋಟೆ ಬೆಟ್ಟ ಕೂತೈತಲ್ಲ.’ ದನಿ ಮಾತ್ರ ಬಹಳ ಚೊಕ್ಕವಾಗಿ ಬರುತ್ತದಂತೆ, ಗೊರಗೊರ ಇರುವುದಿಲ್ಲವಂತೆ. ‘ಚೊಕ್ಕವಾಗಿ ಯಾರಿಗಪ್ಪ?’ ಎಂದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟ. ಅದಲ್ಲದೆ ನಿಮ್ಮ ಮನೆಯ ರೇಡಿಯೋದಲ್ಲಿ ಎಫ್.ಎಂ. ಇಲ್ಲವೇ ಇಲ್ಲ, ಅವತ್ತು ಕಣ್ಣಿಗೆ ಬಿತ್ತು. ನಮ್ಮ ಮನೆಯದರಲ್ಲೂ ಇಲ್ಲ.

ಮತ್ತೆ ಕರೆಯುವುದಿಲ್ಲ ಎಂದು ಬರೆದಿದ್ದೆ. ಆ ಮಾತು ಮುರಿಯುತ್ತೇನೆ.

ನಿಮ್ಮ ಅತ್ತೆ ಹೇಳಿದ್ದೇ ತಲೆಯಲ್ಲಿ ಕೂತಿದೆ. ಮೂರು ವರ್ಷ ನಾನು ಇಲ್ಲಿ ‘ಏನಂದೆ ಮಂಚಿ’ ಎಂದಾಗಲೆಲ್ಲ ನೀವು ಅಲ್ಲಿ ತಟ್ಟಿದ್ದೀರಿ. ಉತ್ತರ ಬಂದಿತ್ತು, ನನಗೆ ಕೇಳಿಸಲಿಲ್ಲ ಅಷ್ಟೆ. ರೇಡಿಯೋ ಒಂದೇ ಕಡೆಗೆ ಹೋಗುವ ದಾರಿಯಾಯಿತು. ಒಂದು ದಿನವಾದರೂ ಅದು ಕೇಳಿಸಲಿ. ಮಾತು ನನ್ನದು, ಮೊರ ನಿಮ್ಮದು. ಲೋಕೇಶ್ ನಿಮ್ಮ ಮೊರಕ್ಕೇ ಬೇರೆ ಮೈಕು ಇಡುತ್ತಾನೆ. ನಿಮ್ಮ ಗಂಟಲಿನ ವಿಷಯ ಸಾಹೇಬರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಅವತ್ತು ಅಮಾವಾಸ್ಯೆ. ನಿಮ್ಮ ಅತ್ತೆ ಪ್ರಯಾಣ ಬೇಡವೆನ್ನಬಹುದು. ಬಂದರೆ ರಾತ್ರಿಗೆ ನಮ್ಮ ಮನೆಯಿದೆ, ನನ್ನ ಹೆಂಡತಿ ಈಗಾಗಲೇ ಜಗಲಿ ಸಾರಿಸಲು ಶುರುಮಾಡಿದ್ದಾಳೆ. ಬಾರದಿದ್ದರೆ ಇನ್ನು ಈ ಮಾತು ಎತ್ತುವುದಿಲ್ಲ.

ಇಂತಿ,
ನಂಜಪ್ಪ


ಬಿಂಡಿಗನವಿಲೆ
24 ಅಕ್ಟೋಬರ್ 1997

ನಂಜಪ್ಪನವರಿಗೆ,

ಸ್ಟುಡಿಯೋದ ಮೊರ ಬೇಡ. ಹಬ್ಬಕ್ಕೆ ನೀವು ತಂದ ಮೊರವನ್ನೇ ತರುತ್ತೇನೆ. ಮೆಂತ್ಯ ಅರೆದು ಬಳಿದು ಒಣಗಿಸಿದ್ದೇನೆ, ಇಲ್ಲವಾದರೆ ಹೊಸ ಬಿದಿರು ಕಿರುಗುಟ್ಟುತ್ತದೆ. ರಾಗಿಯೂ ನಮ್ಮ ಹೊಲದ್ದೇ. ಅಕ್ಕಿಹೆಬ್ಬಾಳಿನ ಮುದುಕ ಇನ್ನೂ ಕೇಳುತ್ತಿರಬಹುದು.

ಅಮಾವಾಸ್ಯೆಯೆಂದು ಅತ್ತೆಗೆ ಹೇಳಿದೆ. ‘ಅಣ್ಣನ ಮನೆಗೆ ಓಗಾಕೆ ಅಮಾಸೆ ಏನವ್ವ ಅಡ್ಡ ಬಂದದು. ಒಬ್ಬಟ್ಟು ಕಟ್ಕೊಡ್ತೀನಿ, ಈ ಸಲನಾದ್ರೂ ತಿನ್ನಾಕೆ ಯೋಳು’ ಎಂದರು.

ಅಲ್ಲಿ ಯಾರೂ ನನ್ನನ್ನು ಮಾತಾಡಿಸಬಾರದು. ನೀವು ಮಂಚಿಯನ್ನು ಮಾತಾಡಿಸಿ.

ಸೋಮಮ್ಮ


ಬಿಂಡಿಗನವಿಲೆ
4 ನವೆಂಬರ್ 1997

ನಂಜಪ್ಪನವರಿಗೆ ನಮಸ್ಕಾರಗಳು.

ಸುರಕ್ಷಿತವಾಗಿ ಬಂದು ಸೇರಿದೆ. ಹೊರಟ ಬೆಳಿಗ್ಗೆ ನಿಮ್ಮ ಮನೆಯವರು ಮಡಿಲು ತುಂಬಿದಾಗ ಏನೂ ಹೇಳದೆ ಬಂದೆ. ಹೇಳಲು ಆಗದೆ ಅಲ್ಲ, ಪಿಸುಮಾತಿನಲ್ಲಿ ಹೇಳುವ ಮಾತು ಅದಾಗಿರಲಿಲ್ಲ. ನನ್ನ ಕೃತಜ್ಞತೆ ಅವರಿಗೆ ತಿಳಿಸಿ.

ಅಂದು ಸಂಜೆ ಮುಗಿದ ಮೇಲೆ ನೀವು ಯಾರ ಮುಖವನ್ನೂ ನೋಡಲಿಲ್ಲ. ಕಾರ್ಯಕ್ರಮವನ್ನು ನೀವೇ ಕೆಡಿಸಿದಿರೆಂದು ನಿಮ್ಮ ಮನಸ್ಸಿನಲ್ಲಿದೆ. ಹಾಗಿಲ್ಲವೆಂದು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ‘ಏನಂದೆ ಮಂಚಿ?’ ಎಂದಿರಿ, ತಟ್ಟಿದೆ. ನೀವು ಜಗಳ ಮುಂದುವರಿಸಿದಿರಿ. ಎರಡನೆಯ ಸಲವೂ ಹಾಗೇ. ಆಮೇಲೆ, ‘ನಾಳಿಂದ ನಾನು ಬೇಲಿತಾವ ಬರಾಕಿಲ್ಲ ಕಣ್ ಮಂಚಿ’ ಎಂದಿರಿ, ನಾನು ತಟ್ಟಲಿಲ್ಲ. ಆಗ ನಿಮ್ಮ ದನಿ ನಿಂತಿತು. ಗಾಜಿನ ಆಚೆ ಸಾಹೇಬರು ಹಾಡು ಹಾಕಲು ಸನ್ನೆ ಮಾಡಿದರು. ಅರ್ಪಿತ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದವಳು ಹಾಕಲಿಲ್ಲ. ಲೋಕೇಶ್ ನನ್ನನ್ನೇ ನೋಡುತ್ತಿದ್ದರು. ನಾನು ಕೇರುತ್ತಾ ಹೋದೆ. ಮೂರು ಕೇರು, ಒಂದು ತಟ್ಟು. ಕೆಂಪು ದೀಪ ಆರುವವರೆಗೆ ಅಷ್ಟೇ. ಇಷ್ಟು ವರ್ಷ ನನ್ನ ದನಿಯನ್ನೂ ಸೇರಿಸಿ ನೀವೇ ಮಾತಾಡಿದಿರಿ. ಅಂದು ನಿಮ್ಮದನ್ನು ನಾನು ಸ್ವಲ್ಪ ಹೊತ್ತು ಹೊತ್ತೆ. ಕೆಟ್ಟದ್ದೇನೂ ಆಗಲಿಲ್ಲ.

ಹೊಸ ಕಾರ್ಯಕ್ರಮವನ್ನೂ ಕೇಳಿದೆ. ಅರ್ಪಿತ ಚೆನ್ನಾಗಿ ಮಾತಾಡಿಸುತ್ತಾಳೆ. ಫೋನ್ ಮಾಡಿದವರೆಲ್ಲ ಮೈಸೂರು, ಮಂಡ್ಯದವರು. ನಮ್ಮ ಊರಿನಲ್ಲಿರುವ ಫೋನು ಸೊಸೈಟಿಯದೊಂದೇ, ಅದೂ ಸಂಜೆಗೆ ಬೀಗ. ಇರಲಿ, ಇಲ್ಲಿಗೆ ಕೇಳಿಸುವವರೆಗೆ ಕೇಳುತ್ತೇನೆ. ನಾಲೆಯ ನೀರಿನ ವಿಷಯ ಹಾಡುಗಳ ನಡುವೆ ಒಂದು ಸಾಲಿನಲ್ಲಿ ಹೇಳಬಹುದಲ್ಲವೇ ಎಂದು ಅವಳಿಗೆ ಒಂದು ಕಾರ್ಡು ಹಾಕಿದ್ದೇನೆ. ಮಂಚಿಯ ಹೆಸರಿನಲ್ಲಿ.

ಬಸ್ಸಿನಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಜಕ್ಕನಹಳ್ಳಿಯಲ್ಲಿ ಇಬ್ಬರು ಹೆಂಗಸರು ಹತ್ತಿ ನನ್ನ ಪಕ್ಕದಲ್ಲೇ ಕೂತರು. ಕೂತವರೇ ಶುರು.

‘ನೆನ್ನೆ ಮಂಚಿ ಬಂದಿದ್ಲು ಕಣಕ್ಕ.’

‘ದಿಟವಾ? ನಾನು ಆಲು ಕರೀತಿದ್ದೆ, ಕೇಳ್ಲಿಲ್ಲ. ಏನಂದ್ಲು?’

‘ಏನೂ ಅನ್ನಲಿಲ್ಲ. ಅಣ್ಣ ಅಳ್ತಾ ಕೂತ್ಬುಟ್ಟ. ಅವ್ಳು ರಾಗಿ ಕೇರ್ಕೊಟ್ಟು ಓದ್ಲು.’

‘ಮೂರು ವರ್ಸದ ಮ್ಯಾಕೆ ಬಂದು ಒಂದ್ ಮಾತೂ ಆಡ್ಲಿಲ್ವಾ? ಬಲು ಬಿಗಿ ಬುಡವ್ವ.’

‘ಅಯ್ಯೋ, ಮಾತೇನ್ ಅಕ್ಕಾ, ರೇಡಿಯೋ ತುಂಬಾ ಮಾತೇಯ. ಬಂದಿದ್ಲಲ್ಲ, ಅದ ಯೋಳು.’

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಹುಚ್ಚೆಳ್ಳಿನ ಸಾಲುಗಳು ಹಳದಿ ಹೂ ಬಿಟ್ಟಿದ್ದವು. ಸ್ವಲ್ಪ ಹೊತ್ತಿನ ಮೇಲೆ ಹಿರಿಯಳು ನನ್ನ ತೊಡೆಯ ಮೇಲಿದ್ದದ್ದನ್ನು ಮುಟ್ಟಿ ನೋಡಿ, ‘ಯಾಕವ್ವ, ಬಸ್ಸಲ್ಲಿ ಮೊರ ಎತ್ಕೊಂಡು ಒಂಟಿದ್ದೀಯ?’ ಎಂದಳು. ಮೂರು ವರ್ಷದಿಂದ ನಾನು ಗುರುತಿಲ್ಲದವರ ಮುಂದೆ ಬಾಯಿ ತೆರೆದವಳಲ್ಲ. ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ. ಬಸ್ಸಿನ ಸದ್ದಿನಲ್ಲೂ ಅವಳಿಗೆ ಕೇಳಿಸಿತು, ತಲೆಯಾಡಿಸಿ ಸೆರಗಿನ ಗಂಟಿನಿಂದ ಎಲೆ ಅಡಿಕೆ ತೆಗೆದು ನನಗೂ ಕೊಟ್ಟಳು.

ನಾನು ಹೇಳಿದ್ದು ಇಷ್ಟೇ, ‘ನಮ್ಮಣ್ಣ ಕೊಟ್ಟದ್ದು.’

ಇಂತಿ, ನಿಮ್ಮ ತಂಗಿ,
ಸೋಮಮ್ಮ